ಶರತ್ಕಾಲದ ಗಾಳಿಯಲ್ಲಿ ನ್ಯಾರೋಬೋಟನ್ನು ದಡಕ್ಕೆ ಕಟ್ಟುವುದು ಹೇಗೆ?

ಇಂಗ್ಲೆಂಡಿನ ಕಾಲುವೆಗಳಲ್ಲಿ ನ್ಯಾರೋಬೋಟ್ ಎಂಬ ಕಿರಿದಾದ ದೋಣಿಯನ್ನು ಬಾಡಿಗೆಗೆ ಹಿಡಿದು ಸುತ್ತುವವರಿಗೆ ಅದನ್ನು ಓಡಿಸುವುದು ಬೇಗ ಕೈಗೆ ಹತ್ತುತ್ತದೆ. ಕಷ್ಟವೆಲ್ಲ ದಡಕ್ಕೆ ತಂದು ಕಟ್ಟುವುದರಲ್ಲಿ. ನ್ಯಾರೋಬೋಟ್ ಅಗಲ 7 ಅಡಿಗೂ ತುಸು ಕಡಿಮೆ, ಉದ್ದ 70 ಅಡಿಯವರೆಗೂ ಇರುತ್ತದೆ. ತಳ ಚಪ್ಪಟೆ. ಅಕ್ಟೋಬರ್ ಗಾಳಿ ಆ ಉದ್ದನೆಯ ಉಕ್ಕಿನ ಪಕ್ಕಕ್ಕೆ ಬಡಿದರೆ ಇಡೀ ದೋಣಿ ಅಡ್ಡಡ್ಡಲಾಗಿ ಸರಿಯುತ್ತದೆ.

ಬೇಗ ನಿಲ್ಲಿಸಿ. ಅಕ್ಟೋಬರ್‌ನ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ. ಆಮೇಲೆ ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಮೂರು ಗಂಟೆಗೇ ಜಾಗ ಹುಡುಕತೊಡಗಿ. ಕತ್ತಲಾದೀತೆಂಬ ಆತುರದಲ್ಲೇ ಹೆಚ್ಚಿನವರು ಎಡವುವುದು.

ಜಾಗ ಆರಿಸಿ. ಬೇಲಿಸಾಲಿನ ಮರೆ ಒಳ್ಳೆಯದು, ಹಳೆಯ ಮರದ ಕೊಂಬೆಗಳ ಕೆಳಗೆ ಬೇಡ. ಬಯಲಿನ ಎತ್ತರದ ಏರಿಯ ಮೇಲೆ ಗಾಳಿಗೆ ತಡೆಯೇ ಇರುವುದಿಲ್ಲ. ಲಾಕ್‌ಗಳ (ದೋಣಿಯನ್ನು ಮೇಲೆ ಕೆಳಗೆ ಸಾಗಿಸುವ ಬಾಗಿಲಿರುವ ಕಟ್ಟೆಗಳ) ಬಳಿ, ನೀರು ತುಂಬಿಸಿಕೊಳ್ಳುವಲ್ಲಿ, ತಿರುವಿನಲ್ಲಿ, ಸೇತುವೆಯ ಬಾಯಲ್ಲಿ ಕಟ್ಟಬಾರದು. ಶ್ರಾಪ್‌ಶೈರ್ ಯೂನಿಯನ್ ಕಾಲುವೆಯ ಹಲವೆಡೆ ದಡಕ್ಕೆ ಅಂಟಿದಂತೆ ನೀರಿನೊಳಗೆ ಕಲ್ಲಿನ ಜಗಲಿಯಿದೆ. ರಾತ್ರಿಯಿಡೀ ದೋಣಿಯ ತಳ ಅದಕ್ಕೆ ಬಡಿಯುತ್ತಿದ್ದರೆ ನಿದ್ದೆ ಬರದು. ಅಲ್ಲಿನವರು ದೋಣಿಗೂ ದಡಕ್ಕೂ ನಡುವೆ ಸಣ್ಣ ಗಾಲಿ ಇಳಿಬಿಡುತ್ತಾರೆ.

ಎಲೆ ಬಿಡಿಸಿಕೊಳ್ಳಿ. ಈ ಕಾಲದಲ್ಲಿ ನೀರಿನ ತುಂಬ ಉದುರಿದ ಎಲೆ. ಅವು ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ರಿವರ್ಸ್ ಹಿಡಿಯುವುದಿಲ್ಲ, ದೋಣಿಗಿರುವ ಬ್ರೇಕ್ ಅದೊಂದೇ. ದಡದತ್ತ ತಿರುಗುವ ಮುನ್ನ ನಡು ಕಾಲುವೆಯಲ್ಲೇ ಒಮ್ಮೆ ರಿವರ್ಸ್ ಕೊಟ್ಟು ಎಲೆಗಳನ್ನು ಎಸೆದುಬಿಡಿ.

ದಡಕ್ಕೆ ಬನ್ನಿ. ಗಾಳಿ ದಡದತ್ತ ಬೀಸುತ್ತಿದ್ದರೆ ತುಸು ದೂರದಲ್ಲೇ ದಡಕ್ಕೆ ಸಮನಾಗಿ ನಿಲ್ಲಿಸಿ, ಉಳಿದದ್ದನ್ನು ಗಾಳಿಯೇ ಮಾಡುತ್ತದೆ. ದಡದಿಂದ ಆಚೆಗೆ ತಳ್ಳುವ ಗಾಳಿಯೇ ಕಠಿಣ. ಮೂತಿಯನ್ನು ಹೆಚ್ಚು ಓರೆಯಾಗಿಟ್ಟು, ಎಂಜಿನ್ ಬಲ ಬಿಡದೆ ಬನ್ನಿ. ಒಬ್ಬರು ದೋಣಿಯ ನಡುವಿನ ಹಗ್ಗ ಹಿಡಿದು ಇಳಿಯಲಿ. ಜಿಗಿಯಬಾರದು, ಒದ್ದೆ ಎಲೆ ಬಿದ್ದ ಕಲ್ಲು ಪಾಚಿಗಿಂತ ಜಾರುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳದೆ ದಡದ ಕಬ್ಬಿಣದ ಬಳೆಗೋ ಕಂಬಕ್ಕೋ ಒಂದು ಸುತ್ತು ಹಾಕಿ ಹಿಡಿದರೆ ಸಾಕು. ಹದಿನೈದಿಪ್ಪತ್ತು ಟನ್ ದೋಣಿಯನ್ನು ಬರಿಗೈಯಲ್ಲಿ ಎಳೆದು ನಿಲ್ಲಿಸಲಾಗದು. ತಪ್ಪಿದರೆ ಜಗ್ಗಾಡಬೇಡಿ, ನಡುವಿಗೆ ಹೋಗಿ ಮತ್ತೆ ಬನ್ನಿ.

ಗೂಟ ಹೊಡೆಯಿರಿ. ದಡಕ್ಕೆ ಉಕ್ಕಿನ ಹಲಗೆ ಹೊಡೆದಿದ್ದರೆ ಅದರ ಪಟ್ಟಿಗೆ ಕೊಕ್ಕೆ ಸಿಕ್ಕಿಸುವುದೇ ಭದ್ರ. ಇಲ್ಲದಿದ್ದರೆ ಕಬ್ಬಿಣದ ಗೂಟ. ಮಳೆ ಕುಡಿದ ಮಣ್ಣಿನಲ್ಲಿ ನೆಟ್ಟಗೆ ಹೊಡೆದ ಗೂಟ ರಾತ್ರಿಯೊಳಗೆ ಸಡಿಲವಾಗುತ್ತದೆ. ತಲೆ ದೋಣಿಯಿಂದ ಆಚೆಗೆ ವಾಲುವಂತೆ ಓರೆಯಾಗಿ, ಆಳಕ್ಕೆ ಇಳಿಸಿ. ಮಣ್ಣು ತೀರ ಮೆತ್ತಗಿದ್ದರೆ ಒಂದರ ಬಳೆಯೊಳಗಿಂದ ಇನ್ನೊಂದನ್ನು ಅಡ್ಡವಾಗಿ ಹೊಡೆಯಿರಿ. ಮುಂದಿನ ಹಗ್ಗ ಮುಂದಕ್ಕೆ, ಹಿಂದಿನದು ಹಿಂದಕ್ಕೆ ಓರೆಯಾಗಿ ಬಿಗಿಯಲಿ. ಪಕ್ಕದಲ್ಲಿ ಬೇರೆ ದೋಣಿ ಹಾದಾಗ ನಿಮ್ಮದು ಓಲಾಡದು. ನಡುವಿನ ಹಗ್ಗವನ್ನು ರಾತ್ರಿ ಕಟ್ಟಿಬಿಡಬೇಡಿ: ಅದು ಛಾವಣಿಯಿಂದ ಬರುವುದರಿಂದ ದೋಣಿಯನ್ನು ವಾಲಿಸುತ್ತದೆ. ಗೂಟದ ಮೇಲೆ ಬಿಳಿ ಚೀಲ ಸಿಕ್ಕಿಸಿ, ಸೈಕಲ್‌ನವರು ಎಡವದಿರಲಿ.

ಸೆವರ್ನ್, ಟ್ರೆಂಟ್‌ನಂತಹ ನದಿಗಳಲ್ಲಿ ಲೆಕ್ಕವೇ ಬೇರೆ. ಮೂತಿ ಹರಿವಿಗೆ ಎದುರಾಗಿರಲಿ, ನೀರು ಏರಬಹುದಾದ್ದರಿಂದ ಹಗ್ಗಕ್ಕೆ ಸಡಿಲ ಬಿಡಿ, ಮಲಗುವ ಮುನ್ನ ಒಮ್ಮೆ ನೋಡಿ ಬನ್ನಿ. ಹರಿವು ಜೋರೆಂದು ಕೆಂಪು ಎಚ್ಚರಿಕೆ ಹಾಕಿದ್ದರೆ ಕಾಲುವೆ ಬಿಟ್ಟು ನದಿಗೆ ಇಳಿಯಲೇಬೇಡಿ.