ಫೀಸಿಲ್ಲ, ಭಾನುವಾರದ ಸೇವೆ ಕಡ್ಡಾಯ: ಭರ್ತಿ ಹುಡುಗರನ್ನು ತಯಾರು ಮಾಡಿದ ನನ್ನ ಅನುಭವ

ಕಳೆದ ಸೈನ್ಯ ಭರ್ತಿಗೆ ನಮ್ಮ ಮೈದಾನದಿಂದ ಮೂವತ್ತು ಚಿಲ್ಲರೆ ಹುಡುಗರು ಹೋಗಿದ್ದರು. ಹನ್ನೊಂದೋ ಹನ್ನೆರಡೋ ಮಂದಿ ಅಂತಿಮ ಪಟ್ಟಿಗೆ ಬಂದರು. ‘ಫುಕ್ಕಟ್ಟೆ ಕಲಿಸಿದರೆ ಯಾರೂ ಕಿಮ್ಮತ್ತು ಕೊಡಲ್ಲ, ಎರಡು ತಿಂಗಳಿಗೆ ಬಾಗಿಲು ಹಾಕ್ತೀ’ ಅಂದವರೇ ಈಗ ತಮ್ಮ ಮಕ್ಕಳನ್ನು ಕಳಿಸುತ್ತಿದ್ದಾರೆ. ಬೇರೆ ಊರುಗಳ ಮಾಜಿ ಸೈನಿಕರೂ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆದಿದ್ದೇನೆ.

ನಾನು ಸೈನ್ಯದ ಎಂಜಿನಿಯರಿಂಗ್ ದಳವಾದ ಮದ್ರಾಸ್ ಸ್ಯಾಪರ್ಸ್‌ನವನು. 24 ವರ್ಷ ಸರ್ವಿಸ್ ಮುಗಿಸಿ 2016ರಲ್ಲಿ ಹವಾಲ್ದಾರ್ ಆಗಿ ಬೈಲಹೊಂಗಲಕ್ಕೆ ವಾಪಸ್ ಬಂದೆ. ರಾಣಿ ಚನ್ನಮ್ಮನ ಸಮಾಧಿ ಇರುವ ಊರು. ಸೈನ್ಯಕ್ಕೆ ಸೇರುವ ಆಸೆ ಇಲ್ಲಿ ಮನೆಮನೆಯಲ್ಲೂ ಇದೆ. ಆದರೆ ತಿಂಗಳಿಗೆ ಎಂಟು ಹತ್ತು ಸಾವಿರ ಕೊಟ್ಟು ತರಬೇತಿ ಕೇಂದ್ರದಲ್ಲಿ ಉಳಿಯುವ ಶಕ್ತಿ ಕೂಲಿಯವರ ಮಕ್ಕಳಿಗೆ ಎಲ್ಲಿಂದ ಬರಬೇಕು? ಹಾಗಾಗಿ ಒಂದೇ ಶರತ್ತು ಇಟ್ಟೆ. ದುಡ್ಡು ಬೇಡ. ಭಾನುವಾರ ಎರಡು ತಾಸು ಊರಿನ ಕೆಲಸ ಮಾಡಬೇಕು. ಕಾರಣವಿಲ್ಲದೆ ಎರಡು ಭಾನುವಾರ ತಪ್ಪಿಸಿದರೆ ಸೋಮವಾರ ಮೈದಾನಕ್ಕೆ ಬರುವಂತಿಲ್ಲ.

ಮೊದಲ ಪೆಟ್ಟು ಜಾಗದ್ದು. ಒಂದು ಶಾಲೆಯವರು ಮೈದಾನ ಕೊಟ್ಟರು, ಎರಡು ತಿಂಗಳಿಗೆ ಗೇಟಿಗೆ ಬೀಗ ಹಾಕಿದರು. ರಸ್ತೆಯಲ್ಲಿ ಓಡಿಸಿದೆವು. ಡಾಂಬರಿನ ಮೇಲೆ ಓಡಿ ಅರ್ಧ ಹುಡುಗರಿಗೆ ಮೊಣಕಾಲ ಕೆಳಗಿನ ಎಲುಬು ನೋವು ಶುರುವಾಯಿತು, ಏಳೆಂಟು ಜನ ಬಿಟ್ಟೇ ಹೋದರು. ಹೊಲದಲ್ಲಿ ಓಡೋಣ ಅಂದರೆ ನಮ್ಮದು ಎರೆ ಭೂಮಿ, ಅಂಟು ಕಪ್ಪು ಮಣ್ಣು. ಜೂನ್ ಮಳೆ ಬಿತ್ತೆಂದರೆ ಶೂಗೆ ಎರಡೆರಡು ಕೇಜಿ ಮಣ್ಣು ಮೆತ್ತಿಕೊಳ್ಳುತ್ತದೆ.

ಕೊನೆಗೆ ಹಿರಿಯ ರೈತರೊಬ್ಬರು ಉಳುಮೆಗೆ ಬಾರದ ಜಾಗ ಬಿಟ್ಟುಕೊಟ್ಟರು. ಅಲ್ಲಿ ಓಟದ ಟ್ರ್ಯಾಕ್ ಮಾಡಲು ಸ್ಯಾಪರ್ ಕೆಲಸ ಉಪಯೋಗಕ್ಕೆ ಬಂತು. ನೀರು ಎತ್ತ ಹೋಗುತ್ತದೆ ಅಂತ ನೋಡಿಯೇ ನಾವು ಗುದ್ದಲಿ ಹಿಡಿಯುವುದು. ಒಂದು ಮಳೆ ಸುರಿಯಲು ಬಿಟ್ಟು, ನೀರು ನಿಂತ ಕಡೆಯೆಲ್ಲ ಗೂಟ ಹೊಡೆದೆ. ಟ್ರ್ಯಾಕಿನ ಒಳಗಡೆ ಚರಂಡಿ ತೆಗೆಸಿದೆ. ಅರ್ಧ ಅಡಿ ಎರೆ ಮಣ್ಣು ಎತ್ತಿ ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ತುಂಬಿಸಿ, ಒಳಗಡೆಗೆ ಸ್ವಲ್ಪ ಇಳಿಜಾರು ಕೊಟ್ಟು ರೋಲರ್ ಹೊಡೆಸಿದೆವು. ಮೂವತ್ತರ ಹತ್ತಿರ ಟ್ರಾಲಿ ಗರಸು ಹಿಡಿಯಿತು. ಟ್ರ್ಯಾಕ್ಟರ್‌ನವರು ಅರ್ಧದಷ್ಟಕ್ಕೆ ಬರೀ ಡೀಸೆಲ್ ಖರ್ಚು ತಗೊಂಡರು. ಹುಡುಗರು ಅದಕ್ಕೂ ಮೊದಲು ಮೂರು ತಿಂಗಳು ಊರಿನ ಸ್ಮಶಾನದ ಜಾಲಿ ಕಡಿದು ಸ್ವಚ್ಛ ಮಾಡಿದ್ದರು, ಆ ಟ್ರ್ಯಾಕ್ಟರ್‌ನವರು ಅದನ್ನು ಕಣ್ಣಾರೆ ಕಂಡಿದ್ದರು. ಎಲ್ಲ ಸೇರಿ ನನ್ನ ಕೈಯಿಂದ ನಲವತ್ತು ಸಾವಿರದ ಆಸುಪಾಸು ಹೋಯಿತು. ಈಗ ಜುಲೈ ಮಳೆಯಲ್ಲೂ ಅರ್ಧ ತಾಸು ಬಿಟ್ಟು ಓಡಬಹುದು. ಜಿಲ್ಲೆಯಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಂಥ ಟ್ರ್ಯಾಕ್ ಇನ್ನೊಂದು ಇದ್ದರೆ ನನಗೆ ತೋರಿಸಿ.

ಅಳತೆಯನ್ನು ಮಾತ್ರ ಟೇಪ್ ಹಿಡಿದೇ ಮಾಡಿ. ಊರ ಹುಡುಗರು ಹಳೇ ಮೈದಾನದ ನಾಲ್ಕು ಸುತ್ತನ್ನು 1600 ಮೀಟರ್ ಅಂದುಕೊಂಡಿದ್ದರು. ಗೌಂಡಿಯ ಐವತ್ತು ಮೀಟರ್ ಟೇಪ್ ತಂದು ಅಳೆದೆ. 1450 ಕೂಡ ಇರಲಿಲ್ಲ! ಐದು ನಿಮಿಷದ ಓಟ ಅಂತ ಬೀಗುತ್ತಿದ್ದವರು ಸೈನ್ಯ ಭರ್ತಿಯ ರ‍್ಯಾಲಿಯಲ್ಲಿ ಯಾಕೆ ಹಿಂದೆ ಬೀಳುತ್ತಿದ್ದರು ಅಂತ ಆಗ ಗೊತ್ತಾಯಿತು.

1.6 ಕಿಮೀಯನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ 60 ಅಂಕ, ಹತ್ತು ಪುಲ್‌ಅಪ್‌ಗೆ 40 ಅಂಕ, ನಿಮಗೆಲ್ಲ ಗೊತ್ತಿರೋದೇ. ಎಲ್ಲರೂ ದಿನಾ ಪೂರ್ತಿ 1600 ಜೀವ ಬಿಟ್ಟು ಓಡಿಸುತ್ತಾರೆ. ನಾನು ವಾರಕ್ಕೆ ಒಂದೇ ಸಲ ಟೈಮ್ ಹಿಡಿಯುತ್ತೇನೆ. ಎರಡು ದಿನ 400 ಮೀಟರಿನ ಐದಾರು ಓಟ, ಒಂದೊಂದೂ 80 ಸೆಕೆಂಡಿಗೆ, ನಡುವೆ ಒಂದೂವರೆ ನಿಮಿಷ ನಡಿಗೆ. ಉಳಿದ ದಿನ ಏಳೆಂಟು ಕಿಮೀ ನಿಧಾನ ಓಟ. ಪಕ್ಕದವನ ಜೊತೆ ಮಾತಾಡಲು ಆಗಬೇಕು, ಅಷ್ಟು ನಿಧಾನ. ‘ಇದೇನು ಮುದುಕರ ವಾಕಿಂಗಾ?’ ಅಂತ ತಂದೆ ತಾಯಿಯರೇ ಜಗಳಕ್ಕೆ ಬಂದರು. ಆರು ತಿಂಗಳಲ್ಲಿ ಆರೂವರೆ ನಿಮಿಷದ ಹುಡುಗ 5:25ಕ್ಕೆ ಬಂದ. ಆಮೇಲೆ ಜಗಳ ನಿಂತಿತು. ರ‍್ಯಾಲಿಯ ಗುಂಪಿನಲ್ಲಿ ಸ್ಟಾರ್ಟಿಂಗ್ ಲೈನಿನ ಯಾವ ಕಡೆ ನಿಲ್ಲಬೇಕು, ಎಷ್ಟನೇ ತಿರುವಿನಲ್ಲಿ ಮುಂದೆ ನುಗ್ಗಬೇಕು ಅನ್ನೋದನ್ನು ನನ್ನ ಹುಡುಗರಿಗೆ ಮಾತ್ರ ಹೇಳುತ್ತೇನೆ.

ಪುಲ್‌ಅಪ್ ಬಾರ್ ಮೈದಾನದಲ್ಲಿ ಒಂದು, ನಮ್ಮ ಓಣಿಯ ಚಹಾದಂಗಡಿ ಪಕ್ಕ ಒಂದು ಹಾಕಿಸಿದೆ. ಹೋಗ್ತಾ ಬರ್ತಾ ಮೂರು ಮೂರು ಹೊಡೆಯಬೇಕು. ಹತ್ತು ಒಟ್ಟಿಗೆ ಹೊಡೆಯಲು ಒದ್ದಾಡುವುದಕ್ಕಿಂತ ದಿನಕ್ಕೆ ಮೂವತ್ತು ಬಿಡಿ ಬಿಡಿ ಹೊಡೆಯುವವನೇ ಬೇಗ ಹತ್ತಕ್ಕೆ ತಲುಪುತ್ತಾನೆ. ತಿನ್ನಲು ಕೊಡುವುದರಲ್ಲೂ ಕೆಲವು ಪ್ರಯೋಗ ಮಾಡಿದೆ. ಬಾಳೆಹಣ್ಣು, ಮೊಟ್ಟೆ, ನೆನೆಸಿದ ಕಡಲೆ, ಎಲ್ಲ ಆಯಿತು. ಶೇಂಗಾ ಬೆಲ್ಲವೇ ಅಗ್ಗ, ಹೊಟ್ಟೆಗೂ ನಿಲ್ಲುತ್ತದೆ. ಓಟಕ್ಕೆ ಮೊದಲು ಬೇಡ, ಮುಗಿದ ಮೇಲೆ ಕೊಡಿ.

2019ರ ಆಗಸ್ಟ್‌ನಲ್ಲಿ ಬೆಳಗಾವಿಯಲ್ಲಿ ಮಹಿಳಾ ಮಿಲಿಟರಿ ಪೊಲೀಸ್ ಭರ್ತಿ ರ‍್ಯಾಲಿ ನಡೆಯಿತು. ಅದನ್ನು ನೋಡಿ ಸಂಜೆ ಹೆಣ್ಣುಮಕ್ಕಳ ಬ್ಯಾಚ್ ಮಾಡಿದೆ. ಐದು ಜನ ಬಂದರು. ಸೈನ್ಯಕ್ಕೆ ಇನ್ನೂ ಯಾರೂ ಹೋಗಿಲ್ಲ. ಆದರೆ ಇಬ್ಬರು ರಾಜ್ಯ ಪೊಲೀಸ್ ಕಾನ್‌ಸ್ಟೇಬಲ್ ಆಗಿದ್ದಾರೆ. ಆ ಬ್ಯಾಚ್ ಈಗಲೂ ನಡೆಯುತ್ತಿದೆ. ಅದೇ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ನಮ್ಮ ಹುಡುಗರು ರಾಮದುರ್ಗದ ಕಡೆ ರೇಷನ್ ಮೂಟೆ ಹೊತ್ತರು. ಭಾನುವಾರದ ಅಭ್ಯಾಸ ಇದ್ದುದರಿಂದ ಯಾರಿಗೂ ಹೇಳಿಸಿಕೊಳ್ಳುವ ಅಗತ್ಯ ಬೀಳಲಿಲ್ಲ.

ನಿಜವಾದ ಸಂಕಟ ಕೋವಿಡ್ ಕಾಲದ್ದು. ಭರ್ತಿ ನಿಂತಿತು. ರ‍್ಯಾಲಿ ಪಾಸಾಗಿ ಲಿಖಿತ ಪರೀಕ್ಷೆಗೆ ಕಾದವರಿಗೆ ಆ ಪರೀಕ್ಷೆ ನಡೆಯಲೇ ಇಲ್ಲ. ವಯಸ್ಸು ಮೀರಿ ಹೋಯಿತು. 2022ರ ಜೂನ್‌ನಲ್ಲಿ ನಾಲ್ಕು ವರ್ಷದ ಸೇವೆಯ ಅಗ್ನಿಪಥ ಯೋಜನೆ ಬಂತು. ಆ ಒಂದು ವರ್ಷಕ್ಕೆ ಮಿತಿ 23ಕ್ಕೆ ಏರಿಸಿದರೂ ನನ್ನ ಒಳ್ಳೆಯ ಓಟಗಾರರಲ್ಲಿ ಹಲವರು ಅದನ್ನೂ ದಾಟಿದ್ದರು. ಆ ಹುಡುಗರ ಮುಖ ನೋಡಲು ನನಗೆ ಆಗುತ್ತಿರಲಿಲ್ಲ. ನಾಲ್ಕು ವರ್ಷ ದುಡಿದು, 25 ಪರ್ಸೆಂಟ್ ಮಂದಿ ಮಾತ್ರ ಉಳಿಯುವ ಕೆಲಸಕ್ಕೆ ಯಾಕೆ ಓಡಬೇಕು ಅಂತ ಅರ್ಧ ಮೈದಾನ ಖಾಲಿಯಾಯಿತು. ನಾನು ಲೆಕ್ಕ ಬಿಡಿಸಿ ಹೇಳಿದೆ. ಕೊನೆಗೆ ಸುಮಾರು 11.71 ಲಕ್ಷ ಸೇವಾನಿಧಿ (ಸೇವೆ ಮುಗಿದಾಗ ಒಟ್ಟಿಗೆ ಕೊಡುವ ಹಣ) ಸಿಗುತ್ತದೆ, ಬಂದ ಮೇಲೂ ವಯಸ್ಸು ಇರುತ್ತದೆ. ಇದು ಎಲ್ಲರಿಗೂ ಸಾಕು ಅಂತ ನಾನು ಹೇಳುವುದಿಲ್ಲ. ಆದರೆ ಹೊಲವಿಲ್ಲದ ಮನೆಗೆ ಅದು ದೊಡ್ಡ ಮೊತ್ತ.

2023ರಿಂದ ಆನ್‌ಲೈನ್ ಪರೀಕ್ಷೆ ಮೊದಲು, ಓಟ ಆಮೇಲೆ. ಆ ವರ್ಷ ನಮ್ಮ ಅತಿ ವೇಗದ ಹುಡುಗರೇ ಗಣಿತದಲ್ಲಿ ಹೋದರು. ನಿವೃತ್ತ ಗಣಿತ ಮೇಷ್ಟ್ರೊಬ್ಬರ ಮನೆಗೆ ಹೋಗಿ ಕೈಮುಗಿದೆ. ಅವರು ಸಂಜೆ ಒಂದು ತಾಸು ಕೊಡುತ್ತಾರೆ, ಒಂದು ರೂಪಾಯಿ ಮುಟ್ಟಿಲ್ಲ. 2025ರಲ್ಲಿ ಕನ್ನಡದಲ್ಲೂ ಬರೆಯಲು ಅವಕಾಶ ಸಿಕ್ಕಿತು, ನಮ್ಮವರ ಅಂಕ ಅಲ್ಲೇ ಏರಿತು.

ಭಾನುವಾರದ ಕೆಲಸದಲ್ಲಿ ನನಗೆ ಜಾಸ್ತಿ ಇಷ್ಟ ಪಿಂಚಣಿ ಪಡೆಯುವ ಸೈನಿಕರ ವಿಧವೆಯರದ್ದು. ನವೆಂಬರ್ ಬಂತೆಂದರೆ ಹುಡುಗರು ಮೊಬೈಲ್ ಹಿಡಿದು ಮನೆಗೇ ಹೋಗಿ, ಬದುಕಿದ್ದಾರೆ ಅಂತ ತೋರಿಸುವ ಜೀವನ ಪ್ರಮಾಣಪತ್ರ ಮಾಡಿಕೊಡುತ್ತಾರೆ. ಒಬ್ಬ ಅಜ್ಜಿಯ ಹೆಸರು ಗಂಡನ ಡಿಸ್ಚಾರ್ಜ್ ಬುಕ್ಕಿನಲ್ಲಿ (ಸೈನ್ಯ ಬಿಡುವಾಗ ಕೊಡುವ ದಾಖಲೆ ಪುಸ್ತಕ) ಒಂದು, ಆಧಾರಿನಲ್ಲಿ ಇನ್ನೊಂದು. ಪಿಂಚಣಿ ಹತ್ತಿರ ಹತ್ತಿರ ವರ್ಷ ನಿಂತಿತ್ತು. ಅಫಿಡವಿಟ್ ಮಾಡಿಸಿ, ಸೈನ್ಯದ ರೆಕಾರ್ಡ್ ಆಫೀಸಿಗೆ ಪತ್ರದ ಮೇಲೆ ಪತ್ರ ಬರೆದು ಬಾಕಿ ಸಮೇತ ಬಿಡಿಸಿದೆವು. ದುಡ್ಡು ಬಂದ ದಿನ ಅಜ್ಜಿ ಹುಡುಗರಿಗೆಲ್ಲ ಶೇಂಗಾ ಹೋಳಿಗೆ ಮಾಡಿ ಹಾಕಿದಳು.

ನಿಮ್ಮೂರಲ್ಲಿ ಶುರು ಮಾಡುವವರು ಎರಡು ವಿಷಯ ಬಿಡಬೇಡಿ. ರ‍್ಯಾಲಿಗೆ ತಿಂಗಳ ಮೊದಲೇ ಎಲ್ಲರ ಕಿವಿ ಡಾಕ್ಟರ ಹತ್ತಿರ ಸ್ವಚ್ಛ ಮಾಡಿಸಿ, ಮೆಡಿಕಲ್‌ನಲ್ಲಿ ಅಷ್ಟಕ್ಕೇ ಹುಡುಗರು ನಿಂತುಬಿಡುತ್ತಾರೆ. ಕಾಗದಪತ್ರ ಒಂದೊಂದನ್ನೂ ನೀವೇ ನೋಡಿ. ನಮ್ಮಲ್ಲಿ ಈಗ ಬಾಕಿ ಇರೋದು ಟ್ರ್ಯಾಕಿಗೆ ಎರಡು ದೀಪದ ಕಂಬ. ಹದಿನೆಂಟು ಇಪ್ಪತ್ತು ಸಾವಿರ ಆಗಬಹುದು. ಭರ್ತಿಯಾದ ಹುಡುಗರೇ ಮೊದಲ ಸಂಬಳದಲ್ಲಿ ಒಂದು ಕಂಬದ ದುಡ್ಡು ಕಳಿಸಿದ್ದಾರೆ.