ಬೆನ್ನುಮೂಳೆಗೆ ಏಟಾಗಿದೆಯೇ? ಸ್ಕ್ಯಾನ್‌ನಲ್ಲಿ ಹುಡುಕುವುದು ಹೀಗೆ

ಅಡಿಕೆ ಮರದಿಂದ ಬಿದ್ದವರು, ಬೈಕ್ ಅಪಘಾತದಲ್ಲಿ ದೂರ ಹೋಗಿ ಬಿದ್ದವರು ಆಸ್ಪತ್ರೆಗೆ ಬಂದಾಗ ಎಲ್ಲರ ಕಣ್ಣು ಹೋಗುವುದು ರಕ್ತದ ಕಡೆಗೆ, ಮುರಿದ ಕೈಕಾಲಿನ ಕಡೆಗೆ. ಬೆನ್ನುಮೂಳೆಯ ಏಟು ಹೊರಗೆ ಕಾಣುವುದಿಲ್ಲ. ಪ್ರಜ್ಞೆ ತಪ್ಪಿದವರು ನೋವನ್ನೂ ಹೇಳಲಾರರು. ಹಾಗಾಗಿ ಏಟಿಲ್ಲ ಎಂದು ಗೊತ್ತಾಗುವ ತನಕ ಏಟಿದೆ ಎಂದೇ ನಡೆದುಕೊಳ್ಳಬೇಕು.

1. ಮೊದಲು ಅಲುಗಾಡಿಸಬೇಡಿ

ಉಸಿರಾಟ, ರಕ್ತಸ್ರಾವ ಮೊದಲು. ಬಿಪಿ ಕುಸಿಯುತ್ತಿರುವವರನ್ನು ಸುಮ್ನೆ ಸ್ಕ್ಯಾನ್ ಕೋಣೆಗೆ ಕಳಿಸುವುದಿಲ್ಲ. ಅಷ್ಟರಲ್ಲಿ ಕುತ್ತಿಗೆಗೆ ಕಾಲರ್ ಹಾಕಿರುತ್ತಾರೆ. ಮಗ್ಗುಲಿಗೆ ತಿರುಗಿಸಬೇಕಾದರೆ ಒಬ್ಬರು ತಲೆ ಹಿಡಿದು ಯಾವಾಗ ತಿರುಗಿಸಬೇಕೆಂದು ಹೇಳಬೇಕು, ಉಳಿದವರು ಒಟ್ಟಿಗೆ ತಿರುಗಿಸಬೇಕು. ಮನೆಯವರು ಪ್ರೀತಿಯಿಂದಲೇ ತಲೆ ಎತ್ತಿ ನೀರು ಕುಡಿಸಲು ಹೋಗುತ್ತಾರೆ. ದಯವಿಟ್ಟು ಬೇಡ.

2. ಸ್ಕ್ಯಾನ್ ಯಾರಿಗೆ ಬೇಕು?

ಕುತ್ತಿಗೆಯ ವಿಷಯದಲ್ಲಿ ವೈದ್ಯರು ಐದು ಸಂಗತಿ ನೋಡುತ್ತಾರೆ. ಕುತ್ತಿಗೆಯ ಹಿಂಬದಿಯಲ್ಲಿ ನಟ್ಟನಡುವಿನ ಮೂಳೆ ಒತ್ತಿದರೆ ನೋವಿದೆಯೇ? ಮದ್ಯ ಅಥವಾ ಬೇರೆ ಅಮಲಿನಲ್ಲಿದ್ದಾರೆಯೇ? ಎಚ್ಚರ ಕಡಿಮೆಯಾಗಿದೆಯೇ? ಕೈಕಾಲಿನ ಶಕ್ತಿ, ಸ್ಪರ್ಶ ಕಡಿಮೆಯಾಗಿದೆಯೇ? ಗಮನವನ್ನೆಲ್ಲ ಸೆಳೆಯುವಂಥ ಬೇರೊಂದು ದೊಡ್ಡ ಗಾಯವಿದೆಯೇ? ಐದಕ್ಕೂ ಉತ್ತರ 'ಇಲ್ಲ' ಎಂದಾದರೆ ಸಾಮಾನ್ಯವಾಗಿ ಸ್ಕ್ಯಾನ್ ಬೇಡ. ಅಮೆರಿಕದಲ್ಲಿ 34,069 ರೋಗಿಗಳ ಮೇಲೆ ಪರೀಕ್ಷಿಸಿದ ಈ ನಿಯಮ 2000ದಲ್ಲಿ ಪ್ರಕಟವಾಯಿತು. ಜೋರು ಪೆಟ್ಟು ತಿಂದವರಲ್ಲಿ ಸಾಮಾನ್ಯವಾಗಿ ಒಂದಕ್ಕಾದರೂ 'ಹೌದು' ಬರುತ್ತದೆ. ವಯಸ್ಸಾದವರ ವಿಷಯದಲ್ಲಿ ಐದೂ 'ಇಲ್ಲ' ಎಂದು ಬಂದರೂ ಹೆಚ್ಚು ಎಚ್ಚರ ಬೇಕು. ಬೆನ್ನುಮೂಳೆಗಳು ಒಂದಕ್ಕೊಂದು ಬೆಸೆದು ಗಡುಸಾಗುವ ಕಾಯಿಲೆ ರೋಗಿಗೆ ಮೊದಲೇ ಇದ್ದರೆ ವೈದ್ಯರಿಗೆ ಹೇಳಿಬಿಡಿ. ಅಂಥವರ ಮೂಳೆ ಮುರಿಯಲು ಸಣ್ಣ ಜಾರುವಿಕೆಯೂ ಸಾಕು.

3. ಎಕ್ಸ್‌ರೇ ಅಲ್ಲ, ಸಿಟಿ

ಎಕ್ಸ್‌ರೇಯಲ್ಲಿ ಕುತ್ತಿಗೆಯ ಏಳನೇ ಮೂಳೆ ಭುಜದ ಮರೆಯಲ್ಲಿ ಅಡಗಿಬಿಡುತ್ತದೆ. ಅದು ಕಾಣದ ಚಿತ್ರ ಅರ್ಧ ಚಿತ್ರ. ಅದನ್ನು ನಂಬಿ ಕಾಲರ್ ತೆಗೆಯಬಾರದು. ಸಿಟಿ ಮೂಳೆಯನ್ನು ತೆಳು ಪದರಗಳಾಗಿ ತೋರಿಸುತ್ತದೆ, ಎಕ್ಸ್‌ರೇಗೆ ತಪ್ಪಿಹೋಗುವ ಎಷ್ಟೋ ಬಿರುಕು ಇಲ್ಲಿ ಸಿಗುತ್ತವೆ. ಎದೆ, ಹೊಟ್ಟೆಯ ಸಿಟಿ ಹೇಗೂ ಆಗಿದ್ದರೆ ಬೆನ್ನಿಗಾಗಿ ಮತ್ತೆ ವಿಕಿರಣ ಕೊಡಬೇಕಿಲ್ಲ. ಅದೇ ಮಾಹಿತಿಯಿಂದ ಕಂಪ್ಯೂಟರ್ ಬೆನ್ನುಮೂಳೆಯ ಚಿತ್ರ ಕಟ್ಟಿಕೊಡುತ್ತದೆ. ಇದನ್ನು ಕೇಳಿ ಮಾಡಿಸಿಕೊಳ್ಳುವುದು ಒಳ್ಳೆಯದು.

ರೇಡಿಯಾಲಜಿಸ್ಟ್ ಓದುವ ರೀತಿ ನೋಡಿ. ಅಡ್ಡ, ಪಕ್ಕ, ಎದುರು, ಹೀಗೆ ಮೂರೂ ಕೋನದಲ್ಲಿ ಪದರಗಳನ್ನು ಒಂದೊಂದಾಗಿ ಸರಿಸುತ್ತಾರೆ. ಪಕ್ಕದ ನೋಟದಲ್ಲಿ ಮೂಳೆಗಳ ಮುಂದಿನ ಅಂಚು, ಹಿಂದಿನ ಅಂಚು ಮೆಟ್ಟಿಲಿಲ್ಲದೆ ನಯವಾಗಿ ಬಾಗಿ ಇಳಿಯಬೇಕು. ಮರದಿಂದ ಕಾಲೂರಿ ಬಿದ್ದವರಲ್ಲಿ ಎದೆ ಮುಗಿದು ಸೊಂಟ ಶುರುವಾಗುವ ಜಾಗ, ಅಂದರೆ ಎದೆಭಾಗದ ಹನ್ನೆರಡನೇ ಬೆನ್ನುಮೂಳೆ ಮತ್ತು ಸೊಂಟಭಾಗದ ಮೊದಲ ಬೆನ್ನುಮೂಳೆಯ ಹತ್ತಿರ, ಪೆಟ್ಟು ಜಾಸ್ತಿ. ಅಲ್ಲಿ ಮೂಳೆ ಎತ್ತರ ಕಳೆದುಕೊಂಡು, ಒಂದು ಚೂರು ಹಿಂದೆ ಸರಿದು ಬೆನ್ನುಹುರಿಯ ದಾರಿಗೆ ಚಾಚಿದ್ದರೆ ರೇಡಿಯಾಲಜಿಸ್ಟ್ ಆ ಕ್ಷಣವೇ ಫೋನ್ ಎತ್ತಿ ಚಿಕಿತ್ಸೆ ಮಾಡುತ್ತಿರುವ ವೈದ್ಯರಿಗೆ ತಿಳಿಸಬೇಕು. ಎತ್ತರದಿಂದ ಬಿದ್ದವರ ಹಿಮ್ಮಡಿ ಮುರಿದಿದ್ದರೆ ಅನುಭವಿ ವೈದ್ಯರು ಬೆನ್ನನ್ನೂ ನೋಡದೆ ಬಿಡುವುದಿಲ್ಲ.

4. ಒಂದು ಸಿಕ್ಕಿತು ಎಂದು ನಿಲ್ಲಬಾರದು

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ ಹಂತ. ಕುತ್ತಿಗೆಯಲ್ಲಿ ಮುರಿತ ಸಿಕ್ಕಿತು, ಚಿಕಿತ್ಸೆ ಶುರುವಾಯಿತು, ಸೊಂಟದಲ್ಲಿದ್ದ ಇನ್ನೊಂದು ಮುರಿತ ಯಾರಿಗೂ ಗೊತ್ತಾಗಲಿಲ್ಲ. ಹೀಗಾಗುವುದು ಅಪರೂಪವಲ್ಲ. ಎರಡು ಮುರಿತಗಳ ನಡುವೆ ಎಷ್ಟೋ ಮೂಳೆ ಪೂರ್ತಿ ಸರಿಯಾಗಿಯೇ ಇರಬಹುದು. ಆದ್ದರಿಂದ ಒಂದು ಕಡೆ ಮುರಿದಿದೆ ಎಂದರೆ ಕುತ್ತಿಗೆಯಿಂದ ಬಾಲಮೂಳೆಯ ತನಕ ಇಡೀ ಬೆನ್ನಿನ ಚಿತ್ರ ತೆಗೆಯಲೇಬೇಕು.

5. ಎಂಆರ್‌ಐ ಯಾವಾಗ?

ಸಿಟಿ ಮೂಳೆ ತೋರಿಸುತ್ತದೆ. ಬೆನ್ನುಹುರಿ, ಡಿಸ್ಕ್, ಮೂಳೆಗಳನ್ನು ಹಿಡಿದಿಡುವ ಪಟ್ಟಿಗಳನ್ನು ನೋಡಲು ಎಂಆರ್‌ಐ ಬೇಕು. ಕೈಕಾಲು ಆಡುತ್ತಿಲ್ಲ, ಮರಗಟ್ಟಿದೆ, ಆದರೂ ಸಿಟಿಯಲ್ಲಿ ಏನೂ ಇಲ್ಲ ಎಂದಾಗ ಇದು ಬೇಕೇ ಬೇಕು. ಮಕ್ಕಳಲ್ಲಿ ಮೂಳೆ ಮುರಿಯದೆಯೇ ಬೆನ್ನುಹುರಿಗೆ ಪೆಟ್ಟಾಗುವುದುಂಟು. ಚಿತ್ರದಲ್ಲಿ ಆರೋಗ್ಯವಂತ ಪಟ್ಟಿ ಕಪ್ಪು ಗೆರೆಯಾಗಿ ಕಾಣುತ್ತದೆ, ಹರಿದಿದ್ದರೆ ಆ ಗೆರೆ ತುಂಡಾಗಿರುತ್ತದೆ. ನೀರು ಬೆಳ್ಳಗೆ ಕಾಣುವ ಬಗೆಯ ಚಿತ್ರದಲ್ಲಿ ಬಾತುಕೊಂಡ ಬೆನ್ನುಹುರಿಯೂ ಬೆಳ್ಳಗೆ ಹೊಳೆಯುತ್ತದೆ. ಎಂಆರ್‌ಐಗೆ ಸಮಯ ಹಿಡಿಯುತ್ತದೆ, ರೋಗಿಯ ಸ್ಥಿತಿ ತಕ್ಕಮಟ್ಟಿಗೆ ಸುಧಾರಿಸಿರಬೇಕು. ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಿ. ಮಾಮೂಲಿ ಕಬ್ಬಿಣದ ಆಕ್ಸಿಜನ್ ಸಿಲಿಂಡರ್ ಆ ಕೋಣೆಯೊಳಗೆ ಹೋಗಲೇಬಾರದು, ಅಯಸ್ಕಾಂತ ಅದನ್ನು ಎಳೆದುಕೊಂಡುಬಿಡುತ್ತದೆ.

6. ಕಾಲರ್ ತೆಗೆಯುವುದು, ಊರು ಬದಲಿಸುವುದು

ಕಾಲರ್ ದಿನಗಟ್ಟಲೆ ಇದ್ದರೆ ಗಲ್ಲದ ಕೆಳಗೆ, ತಲೆಯ ಹಿಂದೆ ಚರ್ಮ ಹುಣ್ಣಾಗುತ್ತದೆ. ವರದಿ ಬಂತೇ, ಕಾಲರ್ ಇನ್ನೂ ಬೇಕೇ ಎಂದು ಮನೆಯವರು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ತೆಗೆಯುವ ತೀರ್ಮಾನ ವೈದ್ಯರದೇ. ತಾಲ್ಲೂಕು ಆಸ್ಪತ್ರೆಯಿಂದ ಮಂಗಳೂರಿಗೋ ಬೆಂಗಳೂರಿಗೋ ಕಳಿಸುವಾಗ ವರದಿಯ ಹಾಳೆ ಮಾತ್ರ ಸಾಲದು. ಸ್ಕ್ಯಾನ್‌ನ ಸಿಡಿಯನ್ನೂ ಕೇಳಿ ಪಡೆದು ಅದೇ ಆಂಬುಲೆನ್ಸ್‌ನಲ್ಲಿ ಕೊಂಡೊಯ್ಯಿರಿ. ಸಿಡಿ ಕೈಯಲ್ಲಿದ್ದರೆ ಶಸ್ತ್ರಚಿಕಿತ್ಸಕರು ಎಲ್ಲ ಪದರಗಳನ್ನೂ ತಾವೇ ಸರಿಸಿ ನೋಡಬಹುದು, ರೋಗಿಯನ್ನು ಮತ್ತೊಮ್ಮೆ ಎತ್ತಿ ಮೆಷಿನ್ ಮೇಲೆ ಮಲಗಿಸುವುದು ಎಷ್ಟೋ ಸಲ ತಪ್ಪುತ್ತದೆ.