ಲಿಂಬೋ: ಕಿವಿ ಕೊಟ್ಟು ಆಡಿದ ಆಟ

ಲಿಂಬೋ ಎಂಬ ವಿಡಿಯೊ ಗೇಮ್ ಆಡಲು ಹೊರಟವರು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಹೆಡ್‌ಫೋನ್ ಬಗ್ಗೆ. ಉಡುಪಿಯ ಜುಲೈ ಮಳೆ ಅಂಗಳದ ತಗಡಿನ ಶೀಟಿಗೆ ಬಡಿಯುವಾಗ ಲ್ಯಾಪ್‌ಟಾಪಿನ ಸ್ಪೀಕರ್ ಎಂತದಕ್ಕೂ ಸಾಲದು. ಬೇರೆ ಎಷ್ಟೋ ಆಟಗಳನ್ನು ಸದ್ದು ಬಂದ್ ಮಾಡಿಯೇ ಆಡಬಹುದು. ಇದರಲ್ಲಿ ಸದ್ದು ಕೇಳದಿದ್ದರೆ ಅರ್ಧ ಸುಳಿವು ಹೋದ ಹಾಗೆ.

ಗೊತ್ತಿಲ್ಲದವರಿಗೆ ಎರಡು ಮಾತು. ಕೋಪನ್‌ಹೇಗನ್‌ನ ಪ್ಲೇಡೆಡ್ ಎಂಬ ಸಣ್ಣ ತಂಡ ಮಾಡಿದ ಆಟ ಇದು. 2010ರಲ್ಲಿ ಎಕ್ಸ್‌ಬಾಕ್ಸ್ ಎಂಬ ಗೇಮ್ ಯಂತ್ರಕ್ಕೆ, ಮರುವರ್ಷ ಕಂಪ್ಯೂಟರಿಗೆ ಬಂತು. ಪೂರ್ತಿ ಕಪ್ಪು-ಬಿಳುಪು. ಮಾತಿಲ್ಲ, ಸ್ಕೋರ್ ಇಲ್ಲ, ಎಷ್ಟು ಜೀವ ಉಳಿದಿದೆ ಎಂದು ತೋರಿಸುವುದೂ ಇಲ್ಲ. ಕಾಡಿನಲ್ಲಿ ಹುಡುಗನೊಬ್ಬ ಬಿದ್ದಿರುತ್ತಾನೆ. ಕೀ ಒತ್ತಿದರೆ ಎರಡು ಬಿಳಿ ಕಣ್ಣು ತೆರೆಯುತ್ತಾನೆ. ಒಡಹುಟ್ಟಿದವಳನ್ನು ಹುಡುಕಿಕೊಂಡು ಬಂದವನು ಎನ್ನುವುದು ಆಟದ ಪರಿಚಯದಲ್ಲಿ ಮಾತ್ರ ಉಂಟು, ಒಳಗೆ ಯಾರೂ ಹೇಳುವುದಿಲ್ಲ. ಬಾಣದ ಕೀಗಳಲ್ಲಿ ಓಡುವುದು, ಹಾರುವುದು. ಇನ್ನೊಂದು ಕೀಯಲ್ಲಿ ಹಿಡಿದು ಎಳೆಯುವುದು. ಅಷ್ಟೇ.

"ಎಂತ ಮಾರಾಯಾ, ಕಲರೇ ಇಲ್ಲ, ಎಂತದೂ ಕಾಣುದಿಲ್ಲ" ಎಂದ ಚಿಕ್ಕಮ್ಮನ ಮಗ. ಕಿಟಕಿ ತೆರೆದಿಟ್ಟು ಆಡಿದರೆ ಕಾಣುವುದೇ ಇಲ್ಲ. ಹುಲ್ಲಿನಲ್ಲಿ ಬಾಯಿ ತೆರೆದು ಕೂತ, ಮೆಟ್ಟಿದರೆ ಕಚ್ಚಿ ಮುಚ್ಚುವ ಕಬ್ಬಿಣದ ಬೋನು ಗೊತ್ತಾಗುವುದು ಹುಡುಗನ ತಲೆ ಹಾರಿದ ಮೇಲೆ. ಹಾಗೆಂದು ಬ್ರೈಟ್‌ನೆಸ್ ಏರಿಸಿದರೆ ಆ ಮಂಜಿನ ಅಂದವೆಲ್ಲ ಹಾಳು. ಪರದೆಯನ್ನು ಇದ್ದ ಹಾಗೆ ಬಿಟ್ಟು ಕೋಣೆಯನ್ನು ಕತ್ತಲೆ ಮಾಡಿದೆ. ನಮ್ಮ ಮಳೆಗಾಲದಲ್ಲಿ ಅದಕ್ಕೇನೂ ಕಷ್ಟವಿಲ್ಲ, ನಾಲ್ಕು ಗಂಟೆಗೇ ಮೋಡ ಕವಿದಿರುತ್ತದೆ.

ಕಿವಿಯ ಬೆಲೆ ನನಗೆ ತಿಳಿದದ್ದು ಜೇಡನ ಹತ್ತಿರ. ಮನೆಯಷ್ಟು ದೊಡ್ಡ ಜೇಡ ದಾರಿಗೆ ಅಡ್ಡ ನಿಂತು, ಹತ್ತಿರ ಹೋದರೆ ಈಟಿಯಂಥ ಕಾಲಿನಿಂದ ಚುಚ್ಚುತ್ತದೆ. ನಮ್ಮ ಕೈಯಲ್ಲಿ ಆಯುಧವಿಲ್ಲ. ಅದು ನೆಲಕ್ಕೆ ಗುದ್ದಿದಾಗ ಹಿಂದೆ ಎಲ್ಲೋ, ಪರದೆಯ ಆಚೆ, ಕಬ್ಬಿಣ ಬಿದ್ದ ಸದ್ದು. ಹಿಂದೆ ಹೋಗಿ ನೋಡಿದರೆ ಮರದಲ್ಲಿ ನೇತಾಡುತ್ತಿದ್ದ ಬೋನು ಕೆಳಗೆ ಬಿದ್ದಿದೆ! ಅದನ್ನು ಎಳೆದು ತಂದು ಕಾಲು ಬೀಳುವ ಜಾಗದಲ್ಲಿಟ್ಟರೆ ಜೇಡ ತಾನೇ ಚುಚ್ಚಿ ಕಾಲು ಕಳೆದುಕೊಳ್ಳುತ್ತದೆ. ಕೊನೆಗೆ ಉಳಿದ ಒಂದು ಕಾಲನ್ನೂ ಕಿತ್ತು, ಅದರ ದೇಹವನ್ನೇ ಮುಳ್ಳಿನ ಹೊಂಡಕ್ಕೆ ಉರುಳಿಸಿ ದಾಟಬೇಕು. ಅಲ್ಲಿ ಗೆದ್ದೆ ಅನ್ನಿಸಲಿಲ್ಲ, ಪಾಪ ಅನ್ನಿಸಿತು.

ಸದ್ದು ಮಾಡಿದವರು ಮಾರ್ಟಿನ್ ಸ್ಟಿಗ್ ಆಂಡರ್ಸನ್. ಹಳೇ ಕಾಲದ ತಂತಿ ರೆಕಾರ್ಡರು, ಟೇಪುಗಳ ಮೂಲಕ ಹಾಯಿಸಿ ಸದ್ದನ್ನೆಲ್ಲ ಸವೆಸಿದ್ದಾರೆ. ಹಾಗಾಗಿ ಯಾವುದು ಯಂತ್ರ, ಯಾವುದು ಗಾಳಿ ಎಂದು ಕೂಡಲೇ ತಿಳಿಯುವುದಿಲ್ಲ. ಗುನುಗುವಂಥ ಟ್ಯೂನ್ ಒಂದೂ ಇಲ್ಲ. ಆದರೆ ಕಾರ್ಖಾನೆಯ ಭಾಗಕ್ಕೆ ಬಂದಾಗ ಗರಗಸಕ್ಕೊಂದು ಲಯ, ಕರೆಂಟು ಹರಿಯುವ ಕಬ್ಬಿಣಕ್ಕೊಂದು ಲಯ. ಚೆಂಡೆಯ ಪೆಟ್ಟು ಕೇಳಿ ವೇಷ ರಂಗಕ್ಕೆ ಬರುವ ಹಾಗೆ, ಅದನ್ನು ಕೇಳಿಸಿಕೊಂಡು ಕಾಲಿಡಬೇಕು. ಪರದೆಯನ್ನು ದುರುಗುಟ್ಟಿ ನೋಡಿ ಹಾರಿದಾಗೆಲ್ಲ ನನ್ನ ಹುಡುಗ ಎರಡು ತುಂಡಾದ.

ಸಾಯುವುದಂತೂ ಸಾಯಲೇಬೇಕು, ಅದಕ್ಕೆ ಬೇಜಾರು ಬೇಡ; ಸತ್ತ ಜಾಗದ ಹತ್ತಿರದಿಂದಲೇ ಮತ್ತೆ ಶುರುವಾಗುತ್ತದೆ. ಮೇಲಿಂದ ಬಂದು ಜಜ್ಜುವ ಯಂತ್ರಗಳು ಒಂದರ ಪಕ್ಕ ಒಂದು ಉಂಟು. ಮೊದಲನೆಯದರಲ್ಲಿ ಉಬ್ಬಿದ ಬಟನ್ ಮೆಟ್ಟಿದರೆ ಸಾವು. ಕಲಿತೆ ಎಂದು ಮುಂದಿನದರಲ್ಲಿ ಬಟನ್ ತಪ್ಪಿಸಿ ನೆಲಕ್ಕೆ ಕಾಲಿಟ್ಟರೆ ಅಲ್ಲಿ ನೆಲವೇ ಬಟನ್! ಈ ಕುಚೋದ್ಯ ನನಗೆ ಇಷ್ಟ. ಇಷ್ಟವಾಗದ್ದು ತಲೆಗೆ ಬೀಳುವ ಹೊಳೆಯುವ ಹುಳ. ಅದು ಕಚ್ಚಿದರೆ ಹುಡುಗ ಒಂದೇ ದಿಕ್ಕಿಗೆ ನಡೆಯುತ್ತಾನೆ, ಬೆಳಕು ಬಿದ್ದರೆ ಮಾತ್ರ ತಿರುಗುತ್ತಾನೆ. ನೀರಿನಲ್ಲಂತೂ ಅವನಿಗೆ ಈಜು ಬಾರದು. ಹಿಂದೆ ಹಾದುಹೋಗುತ್ತಿದ್ದ ಅಮ್ಮ ಒಮ್ಮೆ ನಿಂತು, "ಆ ಮಗುವನ್ನು ಇನ್ನೆಷ್ಟು ಸಲ ಮುಳುಗಿಸ್ತಿ?" ಎಂದು ಬೈದಿದ್ದರು.

ಒಮ್ಮೆ ಮುಗಿಸಲು ಒಂದು ಶನಿವಾರ-ಭಾನುವಾರ ಧಾರಾಳ ಸಾಕು. ನನಗೆ ಹಟ ಹಿಡಿದದ್ದು ಆಮೇಲೆ. ಐದಕ್ಕಿಂತ ಹೆಚ್ಚು ಸಲ ಸಾಯದೆ, ಒಂದೇ ಕೂತದ್ದಕ್ಕೆ ಪೂರ್ತಿ ಮುಗಿಸಿದರೆ ಒಂದು ಪದಕ ಉಂಟು: "ನೋ ಪಾಯಿಂಟ್ ಇನ್ ಡೈಯಿಂಗ್". ಇದಕ್ಕೆ ನಾನು ಮೊದಲಿಂದ ಅಭ್ಯಾಸ ಮಾಡಲಿಲ್ಲ. ಮೆನುವಿನಲ್ಲಿ ಬೇಕಾದ ಅಧ್ಯಾಯ ತೆರೆಯಬಹುದು. ಗುರುತ್ವ ಬುಡಮೇಲಾಗುವ ಕೊನೆಯ ಭಾಗಗಳನ್ನೇ ಮೊದಲು, ಬೆರಳಿಗೆ ಅಂಟುವ ತನಕ ಆಡಿದೆ. ಕಾಡಿನ ಭಾಗ ಹೇಗೂ ನೆನಪಿರುತ್ತದೆ, ಕೊನೆಯಲ್ಲಿ ಕೈ ನಡುಗಿದರೆ ಎಲ್ಲ ಹೋಯಿತು. ಹೋಟೆಲ್ ಎಂಬ ದೊಡ್ಡ ಅಕ್ಷರಗಳಲ್ಲಿ ಕರೆಂಟು ಬಂದು ಹೋಗುವ ಜಾಗವನ್ನು ಬೇರೆಯಾಗಿ ಕಲಿತೆ. ಇನ್ನು ಒಂದೇ ಕೂತದ್ದಕ್ಕೆ ಎನ್ನುವುದು ಮಳೆಗಾಲದ ಉಡುಪಿಯಲ್ಲಿ ಆಟಕ್ಕಿಂತ ದೊಡ್ಡ ಸವಾಲು. ಗುಡುಗಿದರೆ ಕರೆಂಟು ಹೋಯಿತೆಂದೇ ಲೆಕ್ಕ. ಬ್ಯಾಟರಿ ತುಂಬಿಸಿಕೊಂಡು, ಊಟ ಮುಗಿಸಿಯೇ ಕೂತೆ. ಆಟವನ್ನು ಪಾಜ್ ಮಾಡಿ ಎದ್ದರೆ ತೊಂದರೆಯಿಲ್ಲ, ಆದರೆ ಬಂದು ಕೂತಾಗ ಕಿವಿಯಲ್ಲಿದ್ದ ಲಯ ಹೋಗಿರುತ್ತದೆ. ಸಾವಿಗೆ ಅವಕಾಶ ಉಳಿದಿರುವಾಗಲೇ ಮುಗಿಯಿತು.

ಕೊನೆ ಏನೆಂದು ಹೇಳುವುದಿಲ್ಲ. ಹುಡುಗಿಯ ವಿಷಯದಲ್ಲಿ ಚಿಕ್ಕಮ್ಮನ ಮಗನಿಗೂ ನನಗೂ ಇನ್ನೂ ಜಗಳ ಉಂಟು. ಅವನೀಗ ಅಡಗಿಸಿಟ್ಟ ಹೊಳೆಯುವ ಮೊಟ್ಟೆಗಳ ಹಿಂದೆ ಬಿದ್ದಿದ್ದಾನೆ. ಕಂಪ್ಯೂಟರಿನ ಲಿಂಬೋದಲ್ಲಿ ಎಲ್ಲ ಮೊಟ್ಟೆ ಒಡೆದವರಿಗೆ ಒಂದು ಗುಟ್ಟಿನ ಹಂತ ತೆರೆಯುತ್ತದೆ, ಅಲ್ಲಿ ಬಹುಪಾಲು ಕಗ್ಗತ್ತಲು, ಗರಗಸ ಎಲ್ಲಿದೆ ಎಂದು ಸದ್ದಿನಿಂದಲೇ ತಿಳಿಯಬೇಕು. ನೀವೂ ಹುಡುಕುವುದಾದರೆ ಮೊದಲ ಮೊಟ್ಟೆ ಸುಲಭ: ಹುಡುಗ ಎದ್ದ ಕೂಡಲೇ ಬಲಕ್ಕೆ ಓಡಿಸಬೇಡಿ, ಎಡಕ್ಕೆ ನಡೆಸಿ.